ಹಾಲು ಬಂದ ಬಳಚು

ಇದು 1946ರ ಡಿಸೆಂಬರಿನಲ್ಲಿ ಹೊನ್ನಾವರದಲ್ಲಿ ನಡೆದದ್ದು. ಇಸವಿಯ ಬಗ್ಗೆ ನನಗೆ ಅನುಮಾನವಿಲ್ಲ. ಮರುತಿಂಗಳು ಮುಂಬಯಿಯಿಂದ ಬಂದ ಒಂದು ಪತ್ರ ಇನ್ನೂ ನನ್ನ ಟ್ರಂಕಿನಲ್ಲಿದೆ, ಅದರ ಮೇಲೆ ತಾರೀಕಿದೆ. ಉಳಿದದ್ದಕ್ಕೆಲ್ಲ ನನ್ನ ನೆನಪೊಂದೇ ಆಧಾರ. ಈ ಘಟನೆಯನ್ನು ನಾನು ಹತ್ತಾರು ಸಲ ಹೇಳಿದ್ದೇನೆ. ಹೇಳಿದ ಹಾಗೆಲ್ಲ ಅದು ನುಣುಪಾಗುತ್ತ ಹೋಯಿತು. ಈ ಸಲ ಆದಷ್ಟು ನುಣುಪು ಮಾಡದೆ ಬರೆಯಲು ನೋಡುತ್ತೇನೆ.

ಆಗ ನನಗೆ ಇಪ್ಪತ್ತನಾಲ್ಕು ವರ್ಷ. ಮುಂಬಯಿಯಲ್ಲಿ ಪ್ರಾಣಿಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿ, ಮುಂದೆ ಓದಲು ಅನುಕೂಲವಿಲ್ಲದೆ ಊರಿಗೆ ಬಂದು ಶಾಲೆಯಲ್ಲಿ ಮಾಸ್ತರನಾಗಿದ್ದೆ. ಅಪ್ಪಯ್ಯ ಕುಮಟೆಯ ಕಚೇರಿಯಲ್ಲಿ ಕಾರಕೂನರಾಗಿದ್ದವರು, ನಾನು ಕಾಲೇಜಿನಲ್ಲಿರುವಾಗಲೇ ತೀರಿಕೊಂಡಿದ್ದರು. ಮನೆಯಲ್ಲಿ ನಾನು, ನನ್ನ ತಾಯಿ ಇಬ್ಬರೇ. ಅವಳನ್ನು ನಾನು ಆಯಿ ಎನ್ನುತ್ತಿದ್ದೆ. ಸಂಶೋಧನೆ ಮಾಡಿ, ಪ್ರಬಂಧ ಬರೆದು ಎಂ.ಎಸ್ಸಿ. ಪಡೆಯುವ ದಾರಿಯೊಂದು ಆಗ ಇತ್ತು. ಎರಡು ವರ್ಷ ಮುಂಬಯಿಯ ಪ್ರಯೋಗಶಾಲೆಯಲ್ಲಿ ಕೆಲಸ ಮಾಡಬೇಕು. ಆ ಎರಡು ವರ್ಷ ನನ್ನನ್ನು ಯಾರಾದರೂ ಸಾಕಬೇಕು. ಯಾರು ಎಂಬುದೇ ಪ್ರಶ್ನೆ.

ನಾನು ಆರಿಸಿಕೊಂಡ ವಿಷಯ ಬಳಚು. ಶರಾವತಿ ಸಮುದ್ರ ಸೇರುವಲ್ಲಿ, ನೀರು ಇಳಿದಾಗ ಮೇಲೆ ಕಾಣುವ ಕೆಸರಿನ ದಿಬ್ಬಗಳಲ್ಲಿ ಹೆಂಗಸರು ಬಗೆದು ಆರಿಸುವ ಚಿಪ್ಪಿನ ಜೀವ. ಒಳಗಿನದು ಅಡಿಗೆಗೆ, ಚಿಪ್ಪು ಸುಣ್ಣದ ಭಟ್ಟಿಗೆ. ಇಷ್ಟು ಜನ ತಿನ್ನುವ ಈ ಜೀವ ಯಾವ ತಿಂಗಳಲ್ಲಿ ಸಂತಾನ ಬೆಳೆಸುತ್ತದೆ ಎಂಬುದು ನಾನು ಓದಿದ ಯಾವ ಪುಸ್ತಕದಲ್ಲೂ ಇರಲಿಲ್ಲ. ಅದನ್ನು ಕಂಡುಹಿಡಿಯುತ್ತೇನೆ ಎಂದು ಹೊರಟೆ.

ಪತ್ರಿಕೆಗಳಲ್ಲಿ ಬರುತ್ತಿದ್ದ ವಿದ್ಯಾರ್ಥಿವೇತನದ ಜಾಹೀರಾತುಗಳನ್ನು ಕತ್ತರಿಸಿ ಒಂದು ಹಳೆಯ ಪಂಚಾಂಗದೊಳಗೆ ಇಡುತ್ತಿದ್ದೆ. ಒಂದಕ್ಕೆ ಬರೆದರೆ, ನಮ್ಮದು ವೈದ್ಯಕೀಯಕ್ಕೆ ಮಾತ್ರ ಎಂದು ಉತ್ತರ. ಇನ್ನೊಂದು ವಿಲಾಯತಿಗೆ ಹೋಗುವವರಿಗೆ. ಮತ್ತೊಂದು ಒಂದೇ ಜಾತಿಯವರಿಗೆ, ಅದೂ ನನ್ನದಲ್ಲ. ನನ್ನ ಜಾತಿಯವರದೇ ಒಂದು ನಿಧಿ ಇತ್ತು. ಅದರ ಕಾರ್ಯದರ್ಶಿಗಳು ವಿಷಯ ಓದಿ, "ನಮ್ಮವರ ಹಣದಿಂದ ಇಂಥ ಪ್ರಾಣಿಯನ್ನು ಕೊಯ್ಯುವುದು ಉಚಿತವೇ?" ಎಂದು ಕೇಳಿ ಬರೆದಿದ್ದರು. ಆಯಿ ಆ ಪತ್ರವನ್ನು ಎರಡು ಸಲ ಓದಿಸಿಕೊಂಡು ಕೇಳಿದಳು. "ಅವು ಹೇಳಿದ್ದರಲ್ಲಿ ಎಂತ ತಪ್ಪಿದ್ದು?" ಎಂದಳು.

ಭಟ್ಕಳದಲ್ಲಿ ಬಟ್ಟೆ ವ್ಯಾಪಾರದ ಸಾಹೇಬರೊಬ್ಬರು ಓದುವವರಿಗೆ ಸಹಾಯ ಮಾಡುತ್ತಾರೆ ಎಂದು ಯಾರೋ ಹೇಳಿದರು. 1945ರ ಮಳೆಗಾಲ ಕಳೆದ ಮೇಲೆ ಒಂದು ಭಾನುವಾರ ಹೊರಟೆ. ದೋಣಿಯಲ್ಲಿ ಹೊಳೆ ದಾಟಿ, ಆಚೆ ದಡದ ಕಾಸರಕೋಡಿನಲ್ಲಿ ಬಸ್ಸು ಹತ್ತಿದೆ. ಇದ್ದಲು ಸುಟ್ಟು ಓಡಿಸುವ ಬಸ್ಸು. ಮಂಕಿಯ ಏರಿನಲ್ಲಿ ಎಲ್ಲರೂ ಇಳಿದು ನಡೆದೆವು. ಏರು ಮಂಕಿಯದೋ ಬೇರೆ ಊರಿನದೋ ಈಗ ಖಚಿತವಿಲ್ಲ. ನಡೆದದ್ದು ಖಚಿತ, ಏಕೆಂದರೆ ಒಗೆದ ಧೋತ್ರದ ಅಂಚು ಕೆಂಪಾದದ್ದನ್ನು ಅಂಗಡಿಯಲ್ಲಿ ಕೂತು ಮುಚ್ಚಿಕೊಳ್ಳುತ್ತಿದ್ದೆ.

"ಬನ್ನಿ ಮಾಸ್ತರ್, ಕೂತ್ಕೊಳ್ಳಿ. ಚಾ ಬರ್ತದೆ," ಎಂದರು ಸಾಹೇಬರು. "ನಮ್ಮದು ಮಕ್ಕಳ ಸ್ಕೂಲ್ ಫೀಸಿಗೆ ಇರೋದು. ಅದೂ ನಮ್ಮ ಜಮಾತಿನ ಮಕ್ಕಳಿಗೆ. ನಿಮಗೆ ಎಂತಕ್ಕೆ ಬೇಕು?"

ಬಳಚಿನ ವಿಷಯ ಹೇಳಿದೆ. ಅವರು ನಗಲಿಲ್ಲ. ಆ ವರ್ಷ ನಗದೆ ಕೇಳಿದವರು ಅವರೊಬ್ಬರೇ.

"ನಮ್ಮ ಮನೆಯಲ್ಲೂ ಅದು ಬಹಳ ಪಸಂದ್. ಒಂದು ಮಾತು ಕೇಳ್ತೇನೆ, ಬೇಜಾರ್ ಮಾಡ್ಕೊಬೇಡಿ. ನೀವು ಇದರ ಮೇಲೆ ಕಿತಾಬ್ ಬರೆದ ಮೇಲೆ ಹೊಳೆಯಲ್ಲಿ ಬಳಚು ಜಾಸ್ತಿ ಆಗ್ತದೋ, ಕಮ್ಮಿ ಆಗ್ತದೋ?"

"ಜಾಸ್ತಿಯೇ ಆಗ್ತದೆ ಸಾಹೇಬರೆ," ಎಂದೆ. ಯಾವ ಆಧಾರದ ಮೇಲೆ ಹೇಳಿದೆನೋ.

ಅವರು ಗುಮಾಸ್ತನಿಂದ ಕಾಗದ ತರಿಸಿ ಒಂದು ವಿಳಾಸ ಬರೆಸಿಕೊಟ್ಟರು. ಮುಂಬಯಿಯಲ್ಲಿ ಅವರ ಪರಿಚಯದ ಹತ್ತಿ ವ್ಯಾಪಾರಿಯೊಬ್ಬರು, ತೀರಿಹೋದ ಮಗನ ಹೆಸರಿನಲ್ಲಿ ಒಂದು ಟ್ರಸ್ಟು ಮಾಡಿದ್ದರು. ಗಿಡ, ಪ್ರಾಣಿ, ಕಲ್ಲು, ಸಮುದ್ರ, ಏನನ್ನು ಅಭ್ಯಾಸ ಮಾಡಿದರೂ ಸರಿ, ಜಾತಿ ಕೇಳುವುದಿಲ್ಲ. "ನನ್ನ ಹೆಸರು ಬರೀರಿ. ಆದರೆ ಅವರು ನನ್ನ ಹೆಸರು ನೋಡಿ ಕೊಡೋ ಆಸಾಮಿ ಅಲ್ಲ," ಎಂದು ನಕ್ಕರು.

ಟ್ರಸ್ಟಿನಿಂದ ಅಚ್ಚು ಹಾಕಿದ ಅರ್ಜಿ ಬಂತು. ಎರಡು ಷರತ್ತು. ಒಂದು, ಅರ್ಜಿ ಹಾಕುವ ಮೊದಲು ವಿಷಯದ ಬಗ್ಗೆ ಒಂದು ವರ್ಷದ ವೀಕ್ಷಣೆ ಮಾಡಿರಬೇಕು. ಇನ್ನೊಂದು, ಇದರಿಂದ ಜನರಿಗೆ ಏನು ಉಪಯೋಗ ಎಂಬುದನ್ನು ಬರೆಯಬೇಕು.

1945ರ ಡಿಸೆಂಬರಿನಿಂದ ಮುಂದಿನ ನವೆಂಬರಿನವರೆಗೆ ವೀಕ್ಷಣೆ ನಡೆಯಿತು. ಪ್ರತಿ ಅಮಾವಾಸ್ಯೆ, ಹುಣ್ಣಿಮೆಗೆ ಒಂದು ಬುಟ್ಟಿ ಬಳಚು. ಅದನ್ನು ತರುತ್ತಿದ್ದವಳು ಮಾದೇವಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವಳು. ಗಂಡ ದೋಣಿ ನಡೆಸುತ್ತಿದ್ದ, ಇವಳು ಇಳಿತದ ಹೊತ್ತಿಗೆ ಬಳಚು ಬಗೆದು, ಉಳಿದ ಹೊತ್ತಿಗೆ ದೋಣಿಗಳು ನಿಲ್ಲುವ ಧಕ್ಕೆಯ ಮೇಲೆ ಮೀನು ಮಾರುತ್ತಿದ್ದಳು. "ಸಣ್ಣದು, ದೊಡ್ಡದು, ಎಲ್ಲ ತರದ್ದೂ ತಾ," ಎಂದು ನಾನು ಮೊದಲ ದಿನವೇ ಹೇಳಿದ್ದೆ. ವಿಜ್ಞಾನದ ಪದ್ಧತಿ ಅದು, ಆರಿಸಬಾರದು.

ನಾನೇ ಏಕೆ ಹೋಗಲಿಲ್ಲ? ಶಾಲೆ ಇತ್ತು, ಬೆಳಿಗ್ಗೆ ಮನೆಪಾಠಗಳಿದ್ದವು ಎಂದು ಹೇಳುತ್ತ ಬಂದಿದ್ದೇನೆ. ಅದು ನಿಜವೇ. ಆದರೆ ಭಾನುವಾರ ಬಂದ ಅಮಾವಾಸ್ಯೆಗೂ ನಾನು ಹೋಗಲಿಲ್ಲ. ಧೋತ್ರ ಎತ್ತಿ ಕಟ್ಟಿ, ಹೆಂಗಸರ ನಡುವೆ ಮೊಣಕಾಲುದ್ದ ಕೆಸರಿನಲ್ಲಿ ನಿಂತ ಮಾಸ್ತರನನ್ನು ಊರವರು ನೋಡುವುದು ನನಗೆ ಬೇಡವಾಗಿತ್ತು.

ಬುಟ್ಟಿ ಮನೆಯೊಳಗೆ ಬರುವಂತಿರಲಿಲ್ಲ. "ಒಳಗೆ ತರಡ. ಹಿಂದಿನ ಕೊಟ್ಟಿಗೆಲಿ ಎಂತ ಬೇಕಾರೂ ಮಾಡ್ಕ, ಮಿಂದ್ಕಂಡು ಒಳಗೆ ಬಾ," ಎನ್ನುತ್ತಿದ್ದಳು ಆಯಿ. ಕಾಲೇಜಿನಲ್ಲಿ ಗುಜರಿಗೆ ಹಾಕಲು ತೆಗೆದಿಟ್ಟಿದ್ದ ಹಿತ್ತಾಳೆಯ ಸೂಕ್ಷ್ಮದರ್ಶಕವೊಂದನ್ನು ನನ್ನ ಪ್ರೊಫೆಸರು ದಯೆಯಿಂದ ಕೊಟ್ಟಿದ್ದರು. ಅದನ್ನು ಕೊಟ್ಟಿಗೆಯ ಕಿಟಕಿಯ ಹತ್ತಿರ ಇಟ್ಟು, ಒಂದೊಂದನ್ನೇ ಒಡೆದು, ಒಳಗೆ ಮೊಟ್ಟೆ ಇದೆಯೋ ಇಲ್ಲವೋ ನೋಡಿ ಬರೆಯುತ್ತಿದ್ದೆ. ಆಯಿ ಬಾಗಿಲಿನಾಚೆಯಿಂದ, "ಅದರ ಹೊಟ್ಟೆ ಬಗೆದು ನೋಡಿದ್ದಕ್ಕೆ ಮುಂಬಯಿಯವು ಪಗಾರ ಕೊಡ್ತ್ವಡಾ?" ಎಂದು ಕೇಳುವಳು.

ವರ್ಷದ ಕೊನೆಗೆ ಚಂದವಾದ ಒಂದು ಕೋಷ್ಟಕ ತಯಾರಾಯಿತು. ಬೇಸಿಗೆಯಲ್ಲಿ ಅಲ್ಲೊಂದು ಇಲ್ಲೊಂದು ಮೊಟ್ಟೆ ಇದ್ದದ್ದು. ಮಳೆಗಾಲದಲ್ಲಿ ಏನೂ ಇಲ್ಲ. ದೀಪಾವಳಿಯಿಂದ ಶಿವರಾತ್ರಿಯವರೆಗಂತೂ ಸಾಲಾಗಿ ಸೊನ್ನೆ. ಜನರಿಗೆ ಉಪಯೋಗ ಎಂಬಲ್ಲಿ ಬರೆದೆ: ಚಳಿಗಾಲದ ನಾಲ್ಕು ತಿಂಗಳು ಬಳಚು ಸಂತಾನ ಬೆಳೆಸುವುದಿಲ್ಲವಾದ್ದರಿಂದ ಆಗ ಎಷ್ಟು ತೆಗೆದರೂ ಹಾನಿಯಿಲ್ಲ, ಸುಣ್ಣದ ಭಟ್ಟಿಗಳಿಗೆ ಗುತ್ತಿಗೆ ಕೊಡುವುದಿದ್ದರೆ ಈ ತಿಂಗಳುಗಳೇ ತಕ್ಕವು. ಈ ವಾಕ್ಯ ಬರೆದು ನನಗೆ ಹೆಮ್ಮೆಯಾಗಿತ್ತು.

ಅರ್ಜಿ ಹೋಗಿ ಮೂರು ವಾರಕ್ಕೆ ಉತ್ತರ ಬಂತು. ಟ್ರಸ್ಟಿನ ಯಜಮಾನರೇ ಗೇರುಸೊಪ್ಪೆಯ ಜಲಪಾತ ನೋಡಲು ಬರುತ್ತಿದ್ದಾರೆ, ಹೊನ್ನಾವರದ ಮುಸಾಫರಿ ಬಂಗಲೆಯಲ್ಲಿ ಒಂದು ದಿನ ಇರುತ್ತಾರೆ, ಬಳಚು ಇರುವ ಜಾಗ ತೋರಿಸಬೇಕು ಎಂದು.

ಅವರು ಎಪ್ಪತ್ತರ ಆಸುಪಾಸಿನವರು. ಕರಿ ಟೊಪ್ಪಿ, ಉದ್ದ ಬಿಳಿ ಕೋಟು. ಮನೆಮಾತು ಗುಜರಾತಿ, ನನ್ನ ಜೊತೆ ಮರಾಠಿ. ಇಳಿತ ಅಂದು ಸಂಜೆ ನಾಲ್ಕರ ಮೇಲೆ. ಮಾದೇವಿಗೆ ಮೊದಲೇ ಹೇಳಿದ್ದೆ. ಅವಳ ದೋಣಿಯಲ್ಲಿ ಮೂವರೇ ಹೋದೆವು: ಮುಂದೆ ಯಜಮಾನರು, ನಡುವೆ ನಾನು, ಹಿಂದೆ ಬಿದಿರಿನ ಜಲ್ಲೆಯಿಂದ ದೋಣಿ ನೂಕುತ್ತ ಅವಳು. ದಾರಿಯಲ್ಲಿ ಅವರು ನನ್ನ ಅರ್ಜಿಯ ವಿಷಯವನ್ನೇ ಮಾತಾಡಿದರು. ಚಳಿಗಾಲದಲ್ಲಿ ಎಷ್ಟು ತೆಗೆದರೂ ಹಾನಿಯಿಲ್ಲ ಎಂಬುದು ಅವರಿಗೆ ಬಹಳ ಹಿಡಿಸಿತ್ತು. ಸುಣ್ಣದ ವ್ಯಾಪಾರದವರು ತಮಗೆ ಗೊತ್ತಿದ್ದಾರೆ, ಸರಕಾರಕ್ಕೂ ಇದನ್ನು ತಿಳಿಸಬಹುದು ಎಂದರು. ನಾನು ಸಂತೋಷದಿಂದ ಹೂಂಗುಟ್ಟುತ್ತಿದ್ದೆ.

ಮೊದಲ ದಿಬ್ಬ ಬಂತು. ಮಾದೇವಿ ಕೆಳಗಿಳಿದು, ಕಾಲಿನಿಂದಲೇ ತಡವಿ, ಒಂದು ಬಳಚು ಎತ್ತಿದಳು. ಸೊಂಟದ ಚೂರಿಯಿಂದ ಅದನ್ನು ಬಿಡಿಸಿದಳು. ಒಳಗಿನಿಂದ ಬೆಳ್ಳಗೆ, ತೆಂಗಿನ ಹಾಲಿನ ಹಾಗೆ, ಒಸರಿ ಅವಳ ಬೆರಳಿನ ಮೇಲೆ ಇಳಿಯಿತು. ಚಿಪ್ಪಿನ ಎರಡೂ ಹೋಳನ್ನು ಮೆಲ್ಲಗೆ ನೀರಿನಲ್ಲಿ ಬಿಟ್ಟು, ಕೈ ತೊಳೆದು, ದೋಣಿ ಹತ್ತಿದಳು.

"ಹಾಲು ಬಂದದೆ ಮಾಸ್ತರೆ. ಇಲ್ಲಿ ಮುಟ್ಟೂಕಾಗ. ಮೇಲಿನ ದಿಬ್ಬಕ್ಕೆ ಹೋಗ್ವ," ಎಂದಳು.

ಆ ಬೆಳ್ಳಗಿನದು ಏನೆಂದು ನನಗೆ ಪುಸ್ತಕದಿಂದ ಗೊತ್ತಿತ್ತು. ಸೂಕ್ಷ್ಮದರ್ಶಕವೂ ಬೇಡ. ಡಿಸೆಂಬರ್ ತಿಂಗಳು, ನನ್ನ ಕೋಷ್ಟಕದಲ್ಲಿ ಸೊನ್ನೆ ಇರುವ ತಿಂಗಳು, ಬಳಚಿನ ಹೊಟ್ಟೆ ಮೊಟ್ಟೆಯಿಂದ ತುಂಬಿತ್ತು. ಅವಳು ಅಂದು ಮಾಡಿದ್ದನ್ನೇ ವರ್ಷವಿಡೀ ಮಾಡಿದ್ದಾಳೆ, ತುಂಬಿದ್ದನ್ನು ಬಿಟ್ಟು ಖಾಲಿ ಇದ್ದದ್ದನ್ನೇ ನನ್ನ ಬುಟ್ಟಿಗೆ ಹಾಕಿದ್ದಾಳೆ ಎಂಬುದು ಅವಳು ಕೈ ತೊಳೆದು ದೋಣಿ ಹತ್ತುವಷ್ಟರಲ್ಲಿ ನನಗೆ ಹೊಳೆಯಿತು.

ಯಜಮಾನರು ತಿರುಗಿ, "ಏನಂದಳು?" ಎಂದರು.

ಅವರಿಗೆ ಕನ್ನಡ ಬರುವುದಿಲ್ಲ. ಅವರು ಕೂತಲ್ಲಿಗೆ ಅವಳ ಕೈಯೂ ಕಂಡಿರಲಿಲ್ಲ.

"ಇಲ್ಲಿಯವು ಸಣ್ಣವಂತೆ. ಮೇಲೆ ಹೋದರೆ ದೊಡ್ಡವು ಸಿಗುತ್ತವಂತೆ," ಎಂದೆ, ಮರಾಠಿಯಲ್ಲಿ.

ಇದೊಂದು ವಾಕ್ಯದ ಬಗ್ಗೆ ನನ್ನ ನೆನಪು ಎಂದೂ ಜಾರಿಲ್ಲ. ಜಾರಿದ್ದರೆ ಚೆನ್ನಾಗಿತ್ತು. ಮಾದೇವಿ ಜಲ್ಲೆಯನ್ನು ಎತ್ತಿದವಳು ಒಂದು ಕ್ಷಣ ಹಾಗೇ ಹಿಡಿದುಕೊಂಡು ನನ್ನನ್ನು ನೋಡಿದಳು. ಆಮೇಲೆ ದೋಣಿ ನೂಕಿದಳು.

ಮೇಲಿನ ದಿಬ್ಬದಲ್ಲಿ ಹಾಲು ಬಂದಿರಲಿಲ್ಲ. ಬುಟ್ಟಿ ತುಂಬಿತು. ಬಂಗಲೆಯ ಜಗಲಿಯಲ್ಲಿ ಚಹ ಕುಡಿಯುತ್ತ ಯಜಮಾನರು ನನ್ನ ಕೋಷ್ಟಕವನ್ನು ಮಡಿಲಲ್ಲಿ ಹರಡಿಕೊಂಡು, "ಇಷ್ಟು ಸ್ಪಷ್ಟವಾಗಿ ಯಾರೂ ಬರೆದು ಕಳಿಸಿಲ್ಲ. ಬೇರೆಯವರದ್ದೆಲ್ಲ ಇರಬಹುದು, ಆಗಬಹುದು ಅಂತಲೇ ಇರುತ್ತದೆ," ಎಂದರು. ಮಗನ ಬಗ್ಗೆ ಎರಡು ಮಾತು ಹೇಳಿದರು. ಅವನೂ ಸಮುದ್ರದ ದಂಡೆಗೆ ಹೋದರೆ ಚಿಪ್ಪು ಆರಿಸುತ್ತಿದ್ದನಂತೆ. ನಾಳೆ ಲಾಂಚಿನಲ್ಲಿ ಗೇರುಸೊಪ್ಪೆಗೆ ಹೋಗಿ, ಜಲಪಾತ ನೋಡಿ, ನಾಲ್ಕನೆಯ ದಿನ ಇಲ್ಲಿಗೇ ಬಂದು ಕುಮಟೆಯ ಮೇಲೆ ಹೋಗುತ್ತೇನೆ, ಅಂದು ಧಕ್ಕೆಗೆ ಬನ್ನಿ, ಸಿದ್ಧತೆಯ ವಿಷಯ ಮಾತಾಡೋಣ ಎಂದರು. ಸಿದ್ಧತೆ ಎಂದರೆ ಮುಂಬಯಿಗೆ ಹೊರಡುವ ಸಿದ್ಧತೆ.

ಮರುದಿನ ಶಾಲೆಗೆ ಹೋಗುವ ದಾರಿಯಲ್ಲಿ ಧಕ್ಕೆಯ ಹತ್ತಿರ ಮಾದೇವಿ ಮೀನು ಹರಡಿಕೊಂಡು ಕೂತಿದ್ದಳು. ಕಾಣದ ಹಾಗೆ ಹೋಗಬೇಕೆಂದಿದ್ದೆ. ಅವಳೇ ಕರೆದಳು.

"ನಾ ಹಾಗೆ ಅಂದದ್ದಲ್ಲವಲ್ಲ ಮಾಸ್ತರೆ ನಿನ್ನೆ."

"ಹೇಗೆ?"

"ಸಣ್ಣದು ದೊಡ್ಡದು ಅಂತ ನಾ ಎಲ್ಲಿ ಅಂದೆ?"

"ನಿಂಗೆ ಮರಾಠಿ ಬರ್ತದಾ?"

"ರತ್ನಾಗಿರಿಯವ್ರ ಮಚವೆ ದೋಣಿ ಬಂದಾಗೆಲ್ಲ ಅವ್ರಿಗೆ ಮೀನು ಮಾರಿದವ್ಳು ಯಾರು? ನಿಮ್ಮ ಆಯಿಯಾ?"

ಪಕ್ಕದ ಹೆಂಗಸರು ನಕ್ಕರು. ನಾನು ಅಲ್ಲೇ ಕುಕ್ಕರುಗಾಲಿನಲ್ಲಿ ಕೂತೆ.

"ಎಲ್ಲ ತರದ್ದೂ ತಾ ಅಂತ ಹೇಳಿದ್ನಲ್ಲ ಮಾದೇವಿ?"

"ತಂದೆನಲ್ಲ! ಸಣ್ಣದು ತಂದೆ, ದೊಡ್ಡದು ತಂದೆ, ಕರಿದು, ಬಿಳಿದು, ಎಲ್ಲ ತಂದೆ. ಬಸುರಿ ತಾ ಅಂದಿದ್ರಾ?"

"ಅದನ್ನ ಬೇರೆ ಹೇಳ್ಬೇಕಾ?"

"ಹೇಳಿದ್ರೂ ತರ್ತಿರ್ಲಿಲ್ಲ," ಎಂದಳು. "ನಮ್ಮ ಅಬ್ಬೆ ಕಾಲದಿಂದ ಹಾಗೇ. ಒಂದು ದಿಬ್ಬದಲ್ಲಿ ಮೊದ್ಲು ಒಂದು ಒಡೆದು ನೋಡೂದು. ಹಾಲು ಬಂದಿದ್ರೆ ಆ ದಿಬ್ಬ ಬಿಡೂದು, ಹಾಲು ಇಳಿಯೂ ತನಕ. ನಾವು ಬಗೀತೇ ಬಂದದ್ದು, ಬಳಚು ಇರೂದೂ ಇದ್ದೇ ಬಂದದ್ದು. ಎಂತಕ್ಕೆ ಅಂತ ಮಾಡೀರಿ? ನಿಮ್ಮ ಸುಣ್ಣದ ಭಟ್ಟಿಯವ್ರು ಚಳಿಗಾಲದಲ್ಲಿ ಬಂದು ಒಂದೇ ಸವನೆ ಬಗೆದು ಹಾಕಿದ್ರೆ, ಮುಂದಿನ ವರ್ಷ ನಾ ಯಾರ ಹೊಟ್ಟೆ ಬಗೀಲಿ? ನಿಮ್ದಾ?"

ದೋಣಿಯಲ್ಲಿ ಆಡಿದ ಪ್ರತಿ ಮಾತೂ ಅವಳಿಗೆ ತಿಳಿದಿತ್ತು. ಬಟ್ಟೆಯಂಗಡಿಯ ಸಾಹೇಬರ ಪ್ರಶ್ನೆ ನೆನಪಾಯಿತು. ಅಥವಾ ಆಗ ನೆನಪಾಗಲಿಲ್ಲವೇನೋ. ಇದನ್ನು ಹೇಳುವಾಗ ಅಲ್ಲಿಗೆ ಅದು ಚೆನ್ನಾಗಿ ಕೂಡುತ್ತದೆ ಎಂದು ನಾನೇ ತಂದು ಸೇರಿಸಿರಬಹುದು.

ಊಟಕ್ಕೆ ಕೂತಾಗ ಆಯಿಗೆ ಹೇಳಿದೆ. ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು, "ಹಾಂಗಾದ್ರೆ ವರ್ಷಿಡೀ ನೀನು ಬಸುರಿಯಲ್ಲದ್ದನ್ನೇ ಕೊಯ್ದೆ ಹೇಳಾತು. ಅಷ್ಟು ಪುಣ್ಯ ಉಳೀತು," ಎಂದು ಮಜ್ಜಿಗೆ ಬಡಿಸಿದಳು. ನನಗೆ ನಗು ಬರಲಿಲ್ಲ. ಮುಂಬಯಿಗೆ ಒಯ್ಯಲು ಅವಳು ಆಗಲೇ ಅಪ್ಪಯ್ಯನ ಕಂಬಳಿಯನ್ನು ಬಿಸಿಲಿಗೆ ಹಾಕಿದ್ದಳು.

ಸುಮ್ಮನಿದ್ದರೆ ಎರಡು ವರ್ಷ ನನ್ನದು. ಮುಂಬಯಿಗೆ ಹೋದ ಮೇಲೆ ಹೊಸದಾಗಿ ವೀಕ್ಷಣೆ ಮಾಡಿ ತಪ್ಪನ್ನು ತಿದ್ದಬಹುದಲ್ಲ ಎಂದೂ ಒಂದು ಯೋಚನೆ ಬಂತು. ಅಷ್ಟರೊಳಗೆ ಆ ಒಂದು ವಾಕ್ಯ ಸರಕಾರಕ್ಕೆ ಹೋಗಿ, ಗುತ್ತಿಗೆಯಾಗಿ, ದಿಬ್ಬಗಳ ಮೇಲೆ ಕೂಲಿಯವರು ಸಾಲಾಗಿ ನಿಂತಿದ್ದರೆ? ಹೇಳಿಬಿಟ್ಟರೆ ಇಂಥ ಟ್ರಸ್ಟು ಮತ್ತೆ ಸಿಗುವುದಿಲ್ಲ. ಪಂಚಾಂಗದೊಳಗಿನ ಕತ್ತರಿಕೆಗಳೆಲ್ಲ ಮುಗಿದಿದ್ದವು.

ನಾಲ್ಕನೆಯ ದಿನ ಧಕ್ಕೆಗೆ ಹೋದೆ. ಲಾಂಚು ತಡವಾಗಿ ಬಂತು. ಗೆಣಸಿನ ಮೂಟೆಗಳನ್ನು ಇಳಿಸತೊಡಗಿದರು. ಯಜಮಾನರು ಜಲಪಾತದ ತುಂತುರಿಗೆ ನೆನೆದು ಆಕಾರ ಕೆಟ್ಟಿದ್ದ ಟೊಪ್ಪಿಯನ್ನು ಕೈಯಲ್ಲಿ ಹಿಡಿದು ಇಳಿದರು. ಅದನ್ನು ನನ್ನ ಕೈಗೆ ಕೊಟ್ಟು, ಕನ್ನಡಕ ಒರೆಸಿಕೊಂಡರು. ಇಷ್ಟು ನನಗೆ ಚಿತ್ರದ ಹಾಗೆ ಕಾಣುತ್ತದೆ. ಇದರ ಮುಂದಿನದೇ ಬೇಕಾದದ್ದು, ಅದೇ ಸ್ಪಷ್ಟವಿಲ್ಲ.

ಹೊಸದರಲ್ಲಿ ನಾನು ಹೇಳುತ್ತಿದ್ದದ್ದು ಹೀಗೆ: ಅವರು ಕೇಳುವ ಮೊದಲೇ ನಾನು, "ನನ್ನ ಕೋಷ್ಟಕ ತಪ್ಪು" ಎಂದೆ. ಮದುವೆಯಾದ ಮೇಲೆ ಹೆಂಡತಿಗೆ ಹೇಳಿದಾಗ, ಅವರು ನನ್ನ ಮುಖ ನೋಡಿ ಏನಾಯಿತು ಎಂದು ಕೇಳಿದರು, ಆಗ ಹೇಳಿದೆ ಎಂದಾಗಿತ್ತು. ನನ್ನ ನಿವೃತ್ತಿಯ ದಿನ ಶಾಲೆಯಲ್ಲಿ ಮಾತಾಡುವಾಗ ಇದೇ ಕತೆ ಹೇಳಿದೆ. ಅಲ್ಲಿ ನಾನು ಯಜಮಾನರ ಎದುರಿಗೇ ಕೋಷ್ಟಕ ಹರಿದುಹಾಕಿದ್ದೆ. ಮಕ್ಕಳು ಚಪ್ಪಾಳೆ ತಟ್ಟಿದರು. ಕೋಷ್ಟಕ ಹರಿದಿಲ್ಲ. ಅದರ ನಕಲು ಟ್ರಂಕಿನಲ್ಲಿದೆ, ಮೂಲ ಮುಂಬಯಿಯಲ್ಲಿತ್ತು.

ನಾನು ಹೇಳಿದೆ ಎಂಬುದಕ್ಕೆ ಇದ್ದ ಸಾಕ್ಷಿ ಮೊದಲು ಹೇಳಿದ ಆ ಪತ್ರ ಮಾತ್ರ. ಇಂಗ್ಲಿಷಿನಲ್ಲಿದೆ. ಮಾದರಿಗಳ ಬಗ್ಗೆ ತಾವೇ ತಿಳಿಸಿದ ಸಂಗತಿಯನ್ನು ಗಮನಿಸಿ ಈ ವರ್ಷ ಅರ್ಜಿಯನ್ನು ಪರಿಗಣಿಸಲಾಗುತ್ತಿಲ್ಲ, ಹೊಸ ವೀಕ್ಷಣೆಗಳೊಂದಿಗೆ ಮುಂದಿನ ವರ್ಷ ಬರೆಯಬಹುದು ಎಂದು ಅದರ ಸಾರಾಂಶ. "ತಾವೇ ತಿಳಿಸಿದ" ಎಂಬ ಅರ್ಥದ ಆ ಶಬ್ದಗಳನ್ನು ನಾನು ಎಷ್ಟು ಸಲ ಓದಿದ್ದೇನೋ ಲೆಕ್ಕವಿಲ್ಲ.

ಮುಂದಿನ ವರ್ಷ ನಾನೇ ನೀರಿಗಿಳಿದೆ. ಅಮಾವಾಸ್ಯೆ, ಹುಣ್ಣಿಮೆಗಳಲ್ಲಿ ಮಾದೇವಿಯ ಜೊತೆ ದಿಬ್ಬದಿಂದ ದಿಬ್ಬಕ್ಕೆ ಹೋದೆ. ಮೊದಲ ದಿನವೇ ಚಿಪ್ಪು ತಾಗಿ ಪಾದ ಸೀಳಿತು. "ಮಾಸ್ತರು ಬಳಚಿಗೆ ಬಂದ್ರು, ನಾವಿನ್ನು ಶಾಲಿಗೆ ಹೋಗ್ವನಾ?" ಎಂದು ಹೆಂಗಸರು ನಕ್ಕರು. ಒಂದು ತಿಂಗಳಲ್ಲಿ ನಗುವುದನ್ನೂ ಬಿಟ್ಟರು. ಹಾಲು ಬಂದ ದಿಬ್ಬದಿಂದ ನಾಲ್ಕೇ ನಾಲ್ಕು ಬಳಚು ತೆಗೆಯಲು ಮಾದೇವಿ ಒಪ್ಪಿದಳು. ಅದೂ ಪ್ರತಿ ಸಲ, "ಇದು ಮಾಸ್ತರನ ತಲೆ ಮೇಲೆ, ನನ್ನ ಮೇಲಲ್ಲ," ಎಂದು ಹೊಳೆಗೆ ಕೇಳಿಸುವ ಹಾಗೆ ಹೇಳಿ. ಈ ಸಲದ ಕೋಷ್ಟಕ ಅಷ್ಟು ಚಂದವಿರಲಿಲ್ಲ. ಒಂದು ದಿಬ್ಬದಲ್ಲಿ ಒಂದು ಕಾಲ, ಇನ್ನೊಂದರಲ್ಲಿ ಇನ್ನೊಂದು. ಎಲ್ಲ ಕಡೆ ಇರಬಹುದು, ಆಗಬಹುದು. ಹೊಸ ಅರ್ಜಿಯಲ್ಲಿ, "ಸ್ಥಳೀಯ ಹೆಂಗಸೊಬ್ಬಳ ಸಹಾಯದಿಂದ" ಎಂದು ಬರೆದೆ. ಹೆಸರು ಬರೆಯಲಿಲ್ಲ. ಆಗ ಅದು ತಪ್ಪೆಂದು ಹೊಳೆದಿರಲೂ ಇಲ್ಲ.

1948ರಲ್ಲಿ ಉತ್ತರ ಬಂತು. ಯಜಮಾನರು ತೀರಿಕೊಂಡಿದ್ದರು. ಉಳಿದ ಟ್ರಸ್ಟಿಗಳು ಇನ್ನು ಮುಂದೆ ಎಂಜಿನಿಯರಿಂಗ್ ಓದುವವರಿಗೆ ಮಾತ್ರ ಕೊಡುವುದೆಂದು ತೀರ್ಮಾನಿಸಿದ್ದರು. ನಾನು ಮಾಸ್ತರನಾಗಿಯೇ ಉಳಿದೆ. ಆಯಿ ಕಂಬಳಿಯನ್ನು ಮಡಚಿ ಒಳಗಿಟ್ಟಳು.

ಇದಾಗಿ ಹತ್ತು ಹನ್ನೆರಡು ವರ್ಷಗಳ ಮೇಲೆ ಒಂದು ಸಂಜೆ ಮಾದೇವಿಯ ಮನೆಯ ಕಡೆ ಹೋಗಿದ್ದೆ. ಅವಳು ಬಾಗಿಲ ಹೊರಗೆ ಕೂತು ಬಳಚು ಬಿಡಿಸುತ್ತಿದ್ದಳು. ಅದೂ ಇದೂ ಮಾತಾಡುತ್ತ, "ಆ ದಿನ ಧಕ್ಕೆಯಲ್ಲಿ ಮುಂಬಯಿಯವರಿಗೆ ನಾನು ನಿಜ ಹೇಳಿಬಿಟ್ಟದ್ದಕ್ಕೆ ನಿನ್ನ ದಿಬ್ಬ ಉಳೀತು ನೋಡು," ಎಂದೆ, ತಮಾಷೆಗೆ.

ಅವಳು ಚೂರಿ ನಿಲ್ಲಿಸಿದಳು.

"ನೀವೆಲ್ಲಿ ಹೇಳಿದ್ರಿ? ನಾ ಹೇಳಿದ್ದು."

"ನೀನು ಅಲ್ಲಿ ಇದ್ದೆಯಾ?"

ನನ್ನ ಯಾವ ಕತೆಯಲ್ಲೂ ಅಂದು ಧಕ್ಕೆಯಲ್ಲಿ ಮಾದೇವಿ ಇರಲಿಲ್ಲ.

"ಇಲ್ದೆ? ದಿನಾ ಕೂರೂ ಜಾಗ ಅದು. ಲಾಂಚು ಬಂತು, ಅವ್ರು ಇಳಿದ್ರು. ನೀವು ಅವ್ರ ಟೊಪ್ಪಿ ಹಿಡ್ಕಂಡು ಕಂಬದ ಹಾಗೆ ನಿಂತಿದ್ರಿ. ಇನ್ನು ಇವ್ರು ಬಾಯಿ ಬಿಡೂದಿಲ್ಲ ಅಂತ ನಾನೇ ಎದ್ದು ಬಂದೆ. ನಂಗೆ ಬರೂ ಮರಾಠಿಯಲ್ಲಿ ಹೇಳಿದೆ: ಯಜಮಾನರೆ, ಈಗಲೇ ಹಾಲು ಬರೂದು, ಈಗ ಬಗೆಯೂಕಾಗ, ಇವ್ರಿಗೆ ಗುತ್ತಿಲ್ಲ, ನಾ ತಂದು ಕೊಡ್ಲಿಲ್ಲ, ಇವ್ರು ನೋಡ್ಲಿಲ್ಲ ಅಂತ."

"ಅವರು ಏನಂದರು?"

"ನಿಮ್ಮ ಕಡೆ ತಿರುಗಿ ಕೇಳಿದ್ರು, ಹೌದಾ ಅಂತ."

"ನಾನು?"

"ಹೌದು ಅಂದ್ರಿ."

"ತಕ್ಷಣ ಅಂದೆನಾ?"

ಅವಳು ಒಂದು ಬಳಚು ಬಿಡಿಸಿ ಪಾತ್ರೆಗೆ ಹಾಕಿ, "ಅಷ್ಟು ಬೇಗ ಎಲ್ಲಿ? ಗೆಣಸಿನ ಮೂಟೆ ಎರಡು ಇಳಿದ್ವು, ಆಮೇಲೆ ಅಂದ್ರಿ," ಎಂದಳು.

ಅವಳು ಹೇಳಿದ್ದು ನಿಜವೇ? ಅವಳ ನೆನಪೂ ಅವಳದೇ ರೀತಿಯಲ್ಲಿ ನುಣುಪಾಗಿರಬಹುದು. ಆದರೆ ಗೆಣಸಿನ ಮೂಟೆಯ ಮಾತನ್ನು ನಾನು ಅವಳಿಗೆ ಎಂದೂ ಹೇಳಿರಲಿಲ್ಲ. ಟೊಪ್ಪಿಯದೂ ಹೇಳಿರಲಿಲ್ಲ. "ತಾವೇ ತಿಳಿಸಿದ" ಎಂದು ಬರೆಸಿದ್ದು ಆ ಮುದುಕರ ದೊಡ್ಡತನ ಇರಬೇಕು. ಟೊಪ್ಪಿ ಹಿಡಿದು ನಿಂತವನಿಗೆ ಅವರು ಅಷ್ಟು ಮರ್ಯಾದೆ ಬಿಟ್ಟುಕೊಟ್ಟರು. ನಾನು ಅದನ್ನೇ ಸತ್ಯವೆಂದು ಟ್ರಂಕಿನಲ್ಲಿಟ್ಟುಕೊಂಡೆ. ಮಾದೇವಿ ಬುಟ್ಟಿಗೆ ಹಾಕದೆ ಬಿಟ್ಟದ್ದು ಮುಂದಿನ ವರ್ಷಕ್ಕೆ ಬಳಚು ಇರಲಿ ಎಂದು. ನಾನು ಮಾದೇವಿಯನ್ನೇ ಕತೆಯಿಂದ ಬಿಟ್ಟದ್ದು ಯಾತಕ್ಕೆ ಎಂದು ಎಲ್ಲರಿಗೂ ಗೊತ್ತಾಗುತ್ತದೆ. ಅದನ್ನು ತಿಳಿದ ಮೇಲೂ ನಿವೃತ್ತಿಯ ದಿನ ಚಪ್ಪಾಳೆಯ ಕತೆಯನ್ನೇ ಹೇಳಿದೆ ಎಂಬುದನ್ನೂ ಇಲ್ಲಿ ಬರೆದುಬಿಡುತ್ತೇನೆ. ಆಗ ಅವಳು ಬದುಕಿರಲಿಲ್ಲ.

ಇದನ್ನು ಬರೆಯಲು ಕೂತಾಗ ಟ್ರಂಕಿನಿಂದ ಆ ಹಳೆಯ ಕೋಷ್ಟಕದ ನಕಲು ತೆಗೆದೆ. ಕಾಗದ ಮಡಿಕೆಯಲ್ಲಿ ಸವೆದಿದೆ, ಸೊನ್ನೆಗಳು ಇನ್ನೂ ದುಂಡಗಿವೆ. ಡಿಸೆಂಬರಿನ ಸೊನ್ನೆಯ ಪಕ್ಕದಲ್ಲಿ ಪೆನ್ಸಿಲಿನಿಂದ ಬರೆದೆ: ಮಾದೇವಿ ಹೇಳಿದಳು. ಅದರ ಕೆಳಗೆ, ಸ್ವಲ್ಪ ಜಾಗ ಬಿಟ್ಟು: ಎರಡು ಮೂಟೆ ಇಳಿದ ಮೇಲೆ ನಾನು ಹೌದು ಎಂದೆ.